ಎಂಟನೆಯ ಜಾಗ

ಬೆಂಗಳೂರಿನವರಿಗೆ ಮರುದಿನ ಯುಗಾದಿ. ನಮ್ಮ ಕುಂದಾಪುರದ ಕಡೆ ಸೌರಮಾನದ ಲೆಕ್ಕವಾದ್ದರಿಂದ ನಮ್ಮ ಹಬ್ಬಕ್ಕೆ ಇನ್ನೂ ತಿಂಗಳಿತ್ತು. ತಮ್ಮನ ಮನೆಗೆ ಹೋಗಿದ್ದ ನನ್ನನ್ನು ಅವನ ಮಗ, "ಅತ್ತೆ, ಹೂರಣ ಅಮ್ಮ ರುಬ್ಲಿ, ನೀವ್ ನನ್ನೊಟ್ಟಿಗೆ ಬನ್ನಿ" ಎಂದು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದ. 2018ರ ಮಾರ್ಚ್ 17ರ ಸಂಜೆ. ಇಂಡಿಯನ್ ಸೂಪರ್ ಲೀಗ್ ಎಂಬ ಫುಟ್ಬಾಲ್ ಪಂದ್ಯಾವಳಿಯ ಅಂತಿಮ ಪಂದ್ಯ, ಬೆಂಗಳೂರಿಗೂ ಚೆನ್ನೈಗೂ.

ಫುಟ್ಬಾಲಿನಲ್ಲಿ ನನಗೆ ತಿಳಿದದ್ದು ಕೈಯಲ್ಲಿ ಮುಟ್ಟಬಾರದು ಎಂಬಷ್ಟೇ. ಆದರೆ ಸುತ್ತ ನೀಲಿ ಅಂಗಿ ತೊಟ್ಟು ಕುಣಿಯುತ್ತಿದ್ದ ಸಾವಿರಾರು ಮಕ್ಕಳ ನಡುವೆ ಸುಮ್ಮನೆ ಕೂರುವುದು ಹೇಗೆ? ಒಂಬತ್ತನೆಯ ನಿಮಿಷಕ್ಕೆ ಸುನಿಲ್ ಛೆಟ್ರಿ ಗೋಲು ಹೊಡೆದಾಗ ನಾನೂ ಎದ್ದು ನಿಂತೆ. ಆಮೇಲೆ ಚೆನ್ನೈಯವರು ಮೂರು ಗೋಲು ಹೊಡೆದರು. ಕೊನೆಗೆ ಬೆಂಗಳೂರು 3-2ರಲ್ಲಿ ಸೋತಿತು. ದಾರಿಯುದ್ದಕ್ಕೂ ಮಾತಾಡದಿದ್ದ ಹುಡುಗ ಮನೆ ಹತ್ತಿರ ಬಂದಾಗ ಹೇಳಿದ: "ಅತ್ತೆ, ಈ ಚೆನ್ನೈಯವ್ರ್ ಇಪ್ಪುದೇ ನಮ್ಮ ಜಾಗದಲ್ಲ್."

ಆ ಮಾತು ಕೇಳಿ ನನಗೆ ಫುಟ್ಬಾಲು ನೆನಪಾಗಲಿಲ್ಲ. ನೆನಪಾದದ್ದು ಇಪ್ಪತ್ತು ವರ್ಷ ಹಿಂದಿನ ಏಳು ಹುಡುಗಿಯರು.

ಆಗ ನಾನು ಕುಂದಾಪುರ ಮತ್ತು ಬೈಂದೂರಿನ ನಡುವಿನ ಒಂದು ಹಳ್ಳಿಶಾಲೆಯಲ್ಲಿದ್ದೆ. ನಮ್ಮ ಹುಡುಗಿಯರ ತ್ರೋಬಾಲ್ ತಂಡ ಆ ವರ್ಷ ಆಡಿದಲ್ಲೆಲ್ಲ ಗೆದ್ದಿತ್ತು. ಊರಿಗೆ ಹತ್ತಿರದಲ್ಲೇ ಆಹ್ವಾನಿತ ತಂಡಗಳ ಪಂದ್ಯಾವಳಿ ಏರ್ಪಟ್ಟಿತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಶಾಲೆಗಳಿಂದ ಎಂಟು ತಂಡ. ಏಳು ಹೆಸರು ತೀರ್ಮಾನವಾಗಿತ್ತು. ಎಂಟನೆಯದು ನಮ್ಮದೆಂದು ಎಲ್ಲರೂ ತಿಳಿದಿದ್ದರು. ಪಟ್ಟಿ ಬಂದಾಗ ಅಲ್ಲಿದ್ದದ್ದು ಬೇರೆ ಶಾಲೆ. ನಮ್ಮ ಮಕ್ಕಳು ಎರಡು ಸಲ ಸೋಲಿಸಿದ್ದ ಶಾಲೆ. ಪಂದ್ಯಾವಳಿಯ ಊಟ, ಶಾಮಿಯಾನ, ಟ್ರೋಫಿ ಎಲ್ಲದರ ಖರ್ಚು ವಹಿಸಿದ್ದ ಹಿರಿಯರೊಬ್ಬರ ಊರಿನ ಶಾಲೆ ಅದು.

"ನಾವ್ ಸೋಲ್ಲಿಲ್ಲೆ ಅಲ್ದಾ ಟೀಚರೇ? ಮತ್ತೆಂತಕೆ ಹೆಸ್ರಿಲ್ಲೆ?" ಎಂದು ತಂಡದ ನಾಯಕಿ ಕೇಳಿದಳು. ನಾನು "ಮುಂದಿನ ವರ್ಷ ಕಾಂಬ" ಎಂದೆ. ಮುಂದಿನ ವರ್ಷ ಅವರೆಲ್ಲ ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟು ಹೋಗಿರುತ್ತಾರೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ತಮ್ಮನ ಮಗ ಹೇಳಿದ ಕತೆಯನ್ನು ಊರಿಗೆ ಬಂದಮೇಲೆ ಹಳೆಯ ಪತ್ರಿಕೆ, ಪುಸ್ತಕಗಳಲ್ಲಿ ಹುಡುಕಿ ನೋಡಿದೆ. ಇತಿಹಾಸದ ಟೀಚರಿನ ಚಟ.

ಬೆಂಗಳೂರಿಗೆ ಫುಟ್ಬಾಲು ನಿನ್ನೆ ಮೊನ್ನೆಯದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ರಾಜ್ಯದ ಹೆಸರಿನಲ್ಲಿ ನಮ್ಮವರು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮುಂದೆ ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳ ತಂಡಗಳು ರಾಷ್ಟ್ರೀಯ ಲೀಗಿನಲ್ಲಿ ಆಡಿದವು. ಅಲ್ಲಿ ಮೇಲೆ ಬರಲು ಗೆಲ್ಲಬೇಕು; ಕೆಳಗಿನ ಸ್ಥಾನಕ್ಕೆ ಇಳಿದರೆ ಹೊರಗೆ. 2012ರಲ್ಲಿ ಎಚ್.ಎ.ಎಲ್. ಹಾಗೆಯೇ ಐ-ಲೀಗಿನಿಂದ ಹೊರಬಿದ್ದಿತು. ದೇಶದ ದೊಡ್ಡ ಲೀಗಿನಲ್ಲಿ ಬೆಂಗಳೂರಿನ ಹೆಸರೇ ಇಲ್ಲವಾಯಿತು.

ಮರುವರ್ಷ ಫುಟ್ಬಾಲ್ ಫೆಡರೇಷನ್ ಇನ್ನೊಂದು ಬಾಗಿಲು ತೆರೆಯಿತು. ಹಣ ಹೂಡುವ ಕಂಪೆನಿಗಳು ಕೆಳಗಿನ ಮೆಟ್ಟಿಲು ಹತ್ತದೆ ನೇರವಾಗಿ ಒಳಗೆ ಬರಬಹುದು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಜೆ.ಎಸ್.ಡಬ್ಲ್ಯು. ಹಾಗೆ ಬಂದು 2013ರಲ್ಲಿ ಬೆಂಗಳೂರು ಎಫ್.ಸಿ. ಕಟ್ಟಿತು. ಇನ್ನು 2014ರ ಏಪ್ರಿಲ್ ತಿಂಗಳನ್ನು ನೋಡಿ. ಹೊಸದಾಗಿ ಶುರುವಾಗಲಿದ್ದ ಸೂಪರ್ ಲೀಗಿಗೆ ಎಂಟು ನಗರಗಳ ಹೆಸರು ಪ್ರಕಟವಾಯಿತು. ಅದರಲ್ಲಿ ಬೆಂಗಳೂರಿತ್ತು, ಆದರೆ ಪಡೆದವರು ಬೇರೆ, ಸನ್ ಸಮೂಹ. ಅದೇ ತಿಂಗಳು ಬೆಂಗಳೂರು ಎಫ್.ಸಿ. ತನ್ನ ಮೊದಲ ವರ್ಷದಲ್ಲೇ ಐ-ಲೀಗ್ ಗೆದ್ದಿತು. ಕೆಲವೇ ತಿಂಗಳಲ್ಲಿ ಸನ್ ಸಮೂಹ ಹಿಂದೆ ಸರಿಯಿತು. ಖಾಲಿಯಾದ ಎಂಟನೆಯ ಜಾಗ ಚೆನ್ನೈಗೆ ಹೋಯಿತು. ದೇಶದ ಚಾಂಪಿಯನ್ ತಂಡವಿದ್ದ ಊರಿಗೆ ಹೊಸ ಲೀಗಿನಲ್ಲಿ ಜಾಗವಿಲ್ಲ!

ಮೂರು ವರ್ಷ ಬಿಟ್ಟು 2017ರಲ್ಲಿ ಲೀಗನ್ನು ಹಿಗ್ಗಿಸಲು ಹತ್ತು ನಗರಗಳ ಪಟ್ಟಿ ಮಾಡಿ ಬಿಡ್ ಕರೆದರು. ಅಹಮದಾಬಾದ್, ಕಟಕ್, ರಾಂಚಿ, ಸಿಲಿಗುರಿ, ಹೈದರಾಬಾದ್, ತಿರುವನಂತಪುರ ಎಲ್ಲ ಅದರಲ್ಲಿದ್ದವು. ಜೂನಿನಲ್ಲಿ ಒಳಗೆ ಹೋದದ್ದು ಎರಡೇ, ಬೆಂಗಳೂರು ಮತ್ತು ಜಮ್‌ಷೆಡ್‌ಪುರ. ಎರಡರ ಹಿಂದೆಯೂ ಉಕ್ಕಿನ ಕಂಪೆನಿ. 1889ರ ಮೋಹನ್ ಬಗಾನ್, 1920ರ ಈಸ್ಟ್ ಬೆಂಗಾಲ್‌ಗಳಂಥ ಅಜ್ಜನ ಕಾಲದ ತಂಡಗಳು ಒಳಗೆ ಬರಲು 2020ರವರೆಗೆ ಕಾಯಬೇಕಾಯಿತು. ಕಲ್ಲಿಕೋಟೆಯ ಗೋಕುಲಂ ತಂಡ ಐ-ಲೀಗನ್ನು ಸಾಲಾಗಿ ಎರಡು ಸಲ ಗೆದ್ದರೂ ಬಾಗಿಲು ತೆರೆಯಲಿಲ್ಲ. ಗೆದ್ದು ಮೇಲೆ ಬಂದ ಮೊದಲ ತಂಡ ಪಂಜಾಬ್, ಅದು 2023ರಲ್ಲಿ. 'ನಾವ್ ಸೋಲ್ಲಿಲ್ಲೆ ಅಲ್ದಾ' ಎಂದು ಕೇಳಿದವಳು ನನ್ನ ಶಾಲೆಯ ಹುಡುಗಿ ಒಬ್ಬಳೇ ಅಲ್ಲ.

ಈ ಪದ್ಧತಿ ಅಮೆರಿಕದಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಸಣ್ಣ ಊರಿನ ತಂಡವೂ ಗೆಲ್ಲುತ್ತ ಗೆಲ್ಲುತ್ತ ಮೇಲಿನ ಲೀಗಿಗೆ ಏರಬಹುದು. ಅಮೆರಿಕದಲ್ಲಿ ಜಾಗಕ್ಕೆ ಬೆಲೆ ಕಟ್ಟುತ್ತಾರೆ. 2025ರಲ್ಲಿ ಅಲ್ಲಿನ ಲೀಗಿಗೆ ಮೂವತ್ತನೆಯ ತಂಡವಾಗಿ ಸೇರಿದ ಸ್ಯಾನ್ ಡಿಯಾಗೊ ಕೊಡಬೇಕಾದ ಪ್ರವೇಶಧನ 50 ಕೋಟಿ ಡಾಲರ್. ಸ್ಯಾಕ್ರಮೆಂಟೊ ಎಂಬ ಊರಿಗೆ 2019ರಲ್ಲಿ ಜಾಗ ಸಿಕ್ಕಿತ್ತು. 2021ರಲ್ಲಿ ಹಣ ಹೂಡುವವರು ಕೈಬಿಟ್ಟದ್ದೇ ಅದು ತಪ್ಪಿತು. ಊರಿನ ಜನ ಹಾಗೆಯೇ ಇದ್ದರು.

ಹಾಗೆಂದು ಹಣ ಹಾಕಿದವರನ್ನೆಲ್ಲ ಬೈದು ಮುಗಿಸಿದರೆ ನಾನು ಸತ್ಯ ಹೇಳಿದಂತಾಗದು. ನಮ್ಮ ಕಡೆಯ ಮೇಳಗಳನ್ನೇ ನೋಡಿ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು ಎಂದು ಊರಿನ ಹೆಸರು. ನಡೆಸುವುದಕ್ಕೆ ಯಜಮಾನರು ಬೇಕು, ಕಲಾವಿದರು ಎಲ್ಲೆಲ್ಲಿಂದಲೋ ಬರುತ್ತಾರೆ. ಆದರೂ ಚೆಂಡೆ ಕೇಳಿದರೆ 'ನಮ್ಮ ಮೇಳ' ಎನ್ನುತ್ತೇವೆ. ಬೆಂಗಳೂರಿನ ಹುಡುಗರೂ ಉಕ್ಕಿನ ಕಂಪೆನಿಯ ತಂಡವನ್ನು ಕೂಗಿ ಕೂಗಿ ತಮ್ಮದು ಮಾಡಿಕೊಂಡರು. ಸೋತ ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾವನ್ನು ಒಂದು ಗೋಲಿನಿಂದ ಸೋಲಿಸಿ ಆ ಕಪ್ ಗೆದ್ದಾಗ ತಮ್ಮನ ಮಗ ಫೋನಿನಲ್ಲಿ ಅತ್ತ.

ಆದರೆ ಹಣದಿಂದ ಬಂದ ಜಾಗಕ್ಕೆ ಕರಾರಿನ ಗಡುವೂ ಇರುತ್ತದೆ. 2025ರ ಜುಲೈಯಲ್ಲಿ, ಫೆಡರೇಷನ್ನಿನ ಜೊತೆಗಿನ ಕರಾರು ಮುಗಿಯುತ್ತ ಬಂದಿದೆಯೆಂದು ಲೀಗ್ ನಡೆಸುವವರು ಆ ಸಲದ ಪಂದ್ಯಗಳನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ತಂಡ ಆಟಗಾರರ ಸಂಬಳ ನಿಲ್ಲಿಸಿತು. ಆಡುವವರ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಇನ್ನು ನನ್ನ ತಪ್ಪು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಆ ಎಂಟನೆಯ ಜಾಗದ ಬಗ್ಗೆ ಸಮಿತಿಯವರನ್ನು ಕೇಳಲು ಹೊರಟಿದ್ದೆ. ಚಪ್ಪಲಿ ಮೆಟ್ಟಿ ಅಂಗಳದವರೆಗೆ ಬಂದಿದ್ದೆ. ಅದೇ ಹಿರಿಯರು ನಮ್ಮ ಶಾಲೆಯ ಸೋರುವ ಎರಡು ಕೋಣೆಗಳಿಗೆ ಹಂಚು ಹೊದೆಸಿಕೊಡುತ್ತೇನೆ ಎಂದಿದ್ದರು. ಮಳೆಗಾಲದಲ್ಲಿ ಪುಸ್ತಕ ಎದೆಗವಚಿಕೊಂಡು ಮೂಲೆಗೆ ಸೇರುತ್ತಿದ್ದ ಸಣ್ಣ ಮಕ್ಕಳು ಕಣ್ಣಿಗೆ ಬಂದರು. ಹಿಂದೆ ತಿರುಗಿದೆ. ಹಂಚು ಬಂತು, ಮಾಡು ಸೋರುವುದು ನಿಂತಿತು. ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಈಗಲೂ ಆ ದಾರಿಯಲ್ಲಿ ಬಸ್ಸು ಹೋಗುವಾಗ ಆ ಕೆಂಪು ಮಾಡು ಕಾಣುತ್ತದೆ. ಸಂತೋಷವೂ ಆಗುತ್ತದೆ, ಏಳು ಮುಖಗಳೂ ಕಾಣುತ್ತವೆ.

ಕಳೆದ ವರ್ಷ ಕುಂದಾಪುರದ ಶಾಸ್ತ್ರಿ ವೃತ್ತದ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ಆ ನಾಯಕಿ ಸಿಕ್ಕಿದಳು. ಈಗ ಬ್ರಹ್ಮಾವರದಲ್ಲಿ ಮನೆ, ಹೊಲಿಗೆ ಅಂಗಡಿ. ಪಕ್ಕದಲ್ಲಿ ಅವಳ ಮಗಳು, ಕೈಯಲ್ಲಿ ಫುಟ್ಬಾಲು. "ಹುಡ್ಗಿಯರ್ ತಂಡ ಮಾಡ್ತ್ರಂಬ್ರ್ ಟೀಚರೇ, ಇವಳ್ ಹಟ ಬಿಡುದಿಲ್ಲೆ" ಎಂದಳು. ನಾನು ಮಗುವಿನ ತಲೆ ಸವರಿ, ಅವಳ ಅಮ್ಮನಿಗೆ ಹೇಳಿದೆ: "ಆ ವರ್ಷ ನೀವು ಸೋತಿರಲಿಲ್ಲ ಮಾರಾಯ್ತಿ. ನಾನು ಹೋಗಿ ಕೇಳಬೇಕಿತ್ತು, ಕೇಳಲಿಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಂಗ್ ನೆನ್ಪಿತ್ತ್ ಟೀಚರೇ" ಎಂದಳು. ಅಷ್ಟರಲ್ಲಿ ಬ್ರಹ್ಮಾವರದ ಬಸ್ಸು ಬಂತು. ಹತ್ತುವಾಗ ಚೆಂಡನ್ನು ತಾನೇ ತೆಗೆದುಕೊಂಡು ಮಗಳನ್ನು ಮುಂದೆ ಹತ್ತಿಸಿದಳು.