ಅಭಿಜಾತ ಯುಗವೂ ಬಲಿಪೂಜೆಯ ಗಾನವೂ

ಸುಮಾರು 1750ರಿಂದ 1820ರವರೆಗಿನ ಕಾಲವನ್ನು ಪಾಶ್ಚಾತ್ಯ ಸಂಗೀತದ ಅಭಿಜಾತ ಯುಗವೆನ್ನುತ್ತೇವೆ. ಸಿಂಫನಿ, ಸೊನಾಟಾ, ತಂತಿವಾದ್ಯಗಳ ಚತುಷ್ಕ ಮುಂತಾದ ಪ್ರಕಾರಗಳು ಪರಿಪಕ್ವಗೊಂಡದ್ದು ಹೇಡನ್, ಮೊಜಾರ್ಟ್, ಬೀಥೋವನ್ ಅವರ ಕೈಯಲ್ಲಿ. ಮೂವರೂ ಕಥೋಲಿಕ ಧರ್ಮಸಭೆಯಲ್ಲಿ ಸ್ನಾನದೀಕ್ಷೆ ಪಡೆದವರು. ಹೇಡನ್ ಬಾಲ್ಯದಲ್ಲಿ ವಿಯೆನ್ನಾದ ಸಂತ ಸ್ತೆಫಾನರ ಪ್ರಧಾನಾಲಯದ ಗಾನವೃಂದದಲ್ಲಿ ಹಾಡುತ್ತಿದ್ದರು.

1783ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು ಆರಾಧನಾವಿಧಿಯನ್ನು ಸರಳಗೊಳಿಸಲೆಂದು ವಿಯೆನ್ನಾದ ದೇವಾಲಯಗಳಲ್ಲಿ ವಾದ್ಯಸಹಿತ ಗಾಯನವನ್ನು ಬಹಳವಾಗಿ ಮೊಟಕುಗೊಳಿಸಿದನು. 1782ರ ಬಳಿಕ 1796ರವರೆಗೆ ಹೇಡನ್ ಬಲಿಪೂಜೆಗಾಗಿ ಒಂದು ಕೃತಿಯನ್ನೂ ರಚಿಸಲಿಲ್ಲ. ಇದಕ್ಕೆ ಆ ಆಜ್ಞೆಯೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ.

ಸಂಗೀತದ ಆಡಂಬರ ಕೆಲವೆಡೆ ಭಕ್ತಿಯನ್ನು ಮರೆಮಾಡಿತ್ತೆಂಬುದನ್ನು ನಾವು ಅಲ್ಲಗಳೆಯೆವು. ಆದರೆ ಸರಳತೆಯನ್ನು ರಾಜಾಜ್ಞೆ ತರಬೇಕಾಗಿರಲಿಲ್ಲ. 1791ರ ಜೂನ್ ತಿಂಗಳಲ್ಲಿ ಮೊಜಾರ್ಟ್ ತಮ್ಮ ಮಿತ್ರರೂ ಬಾಡೆನ್ ಪಟ್ಟಣದ ಶಾಲಾ ಉಪಾಧ್ಯಾಯರೂ ಗಾನವೃಂದದ ಮುಖ್ಯಸ್ಥರೂ ಆಗಿದ್ದ ಆಂಟನ್ ಸ್ಟೋಲ್ ಅವರಿಗೆ ‘ಆವೆ ವೇರುಂ ಕೋರ್ಪುಸ್’ ಎಂಬ ಪರಮಪ್ರಸಾದದ ಗೀತೆಗೆ ರಾಗ ಸಂಯೋಜಿಸಿಕೊಟ್ಟರು. ನಾಲ್ಕು ಸ್ವರಶ್ರೇಣಿಯ ಗಾಯಕರು, ತಂತಿವಾದ್ಯಗಳು, ಆರ್ಗನ್. ಒಟ್ಟು 46 ತಾಳಖಂಡಗಳು. ತಗ್ಗಿದ ದನಿಯಲ್ಲಿ ಹಾಡಬೇಕೆಂಬುದೊಂದೇ ಅವರ ಸೂಚನೆ. ಅದೇ ಡಿಸೆಂಬರ್ 5ರಂದು ಅವರು ನಿಧನರಾದರು.

ಆ ಮಹಾಪ್ರತಿಭೆ ಒಂದು ಊರಿನ ಗಾನವೃಂದದ ಶಕ್ತಿಯನ್ನರಿತು ಬರೆಯಿತು. ಶತಮಾನೋತ್ಸವದ ಈ ಸಂದರ್ಭದಲ್ಲಿ ನಮ್ಮ ಗಾಯಕರು ನೆನೆಯಬೇಕಾದದ್ದು ಇದನ್ನೇ: ಪೀಠದ ಮುಂದೆ ತಗ್ಗಿದ ದನಿಯೂ ಪೂರ್ಣಗಾನವೇ.