ಚಿತ್ರದ ಅಳತೆ ಬದಲಾಯಿತು, ಹೆಸರು ಎಲ್ಲಿ ಹೋಯಿತು?

ಇವತ್ತು ಸ್ವಲ್ಪ ಟೆಕ್ನಿಕಲ್ ಕೊರೆತ. ಕೋಡ್ ಬರೆಯುವವರಿಗೆ ಮಾತ್ರ ಅಂದುಕೊಂಡು ಓಡಿಹೋಗಬೇಡಿ. ಬ್ಲಾಗಿಗೆ ಒಂದಾದರೂ ಫೋಟೋ ಹಾಕಿದವರಿಗೆಲ್ಲ ಸಂಬಂಧಪಟ್ಟ ಕಥೆ ಇದು.

ವಿಷಯ ಇಷ್ಟು. ಸರ್ವರಿನಲ್ಲಿ ಒಂದು ದೊಡ್ಡ ಫೋಟೋ ಇರುತ್ತದೆ. ಓದುಗರು ಪುಟ ತೆರೆದ ಕೂಡಲೇ ಸರ್ವರ್ ಅದನ್ನು ಬೇಕಾದ ಅಳತೆಗೆ ಕುಗ್ಗಿಸಿ ಕಳಿಸುತ್ತದೆ. ಪಟ್ಟಿಗೆ ಪುಟ್ಟದು, ಲೇಖನಕ್ಕೆ ಮಧ್ಯಮ, ಕ್ಲಿಕ್ಕಿಸಿದರೆ ದೊಡ್ಡದು. ಅನುಕೂಲವೋ ಅನುಕೂಲ. ಆದರೆ ಈ ಅನುಕೂಲದ ಗಲಾಟೆಯಲ್ಲಿ ಚಿತ್ರಗಳು ತಮ್ಮ ಹೆಸರು ಕಳೆದುಕೊಂಡವು. ಹೆಸರೇ ಇಲ್ಲದ್ದನ್ನು ಸರ್ಚ್ ಇಂಜಿನ್ ಹೇಗೆ ಹುಡುಕಿಕೊಟ್ಟೀತು? ಆ ಹೆಸರನ್ನು ವಾಪಸ್ ಕೊಡಲು ವೆಬ್ ಲೋಕ ಪಟ್ಟ ಪಾಡೇ ಇವತ್ತಿನ ಇತಿಹಾಸ ಪಾಠ.

ಶುರುವಾಗಿದ್ದು 1993ರಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಆಂಡ್ರೀಸನ್ ಆ ವರ್ಷದ ಫೆಬ್ರವರಿಯಲ್ಲಿ, ಪುಟದ ನಡುವೆ ಚಿತ್ರ ತೋರಿಸಲು 'ಐಎಂಜಿ' ಎಂಬ ಟ್ಯಾಗ್ ಇರಲಿ ಅಂತ ಪ್ರಸ್ತಾಪಿಸಿದರು. ಅದೇ ವರ್ಷ ಮೊಸಾಯಿಕ್ ಬ್ರೌಸರಿನಲ್ಲಿ ಅದು ಬಂದೂಬಿಟ್ಟಿತು. ಆ ಪ್ರಸ್ತಾಪದಲ್ಲಿ ಕಡ್ಡಾಯವಾಗಿದ್ದದ್ದು ಒಂದೇ, ಚಿತ್ರ ಎಲ್ಲಿದೆ ಎಂಬ ವಿಳಾಸ. ಚಿತ್ರ ಏನು ಅಂತ ಹೇಳಲು ಜಾಗವೇ ಇರಲಿಲ್ಲ. ಚಿತ್ರದ ಬದಲಿಗೆ ಓದಿಕೊಳ್ಳುವ ಮಾತು, ಅಂದರೆ 'ಆಲ್ಟ್', 1995ರ ಎಚ್‌ಟಿಎಂಎಲ್ 2.0 ನಿಯಮಗಳಲ್ಲಿ ಸೇರಿತು. 1997ರ ಎಚ್‌ಟಿಎಂಎಲ್ 4ರಲ್ಲಿ ಅದು ಕಡ್ಡಾಯವಾಯಿತು. ಕಣ್ಣು ಕಾಣದವರೂ ವೆಬ್ ಬಳಸುವಂತಾಗಲಿ ಅಂತ 1999ರಲ್ಲಿ ಬಂದ ಮಾರ್ಗಸೂಚಿಯ ಮೊದಲ ಅಂಶವೂ ಇದೇ: ಚಿತ್ರಕ್ಕೆ ಮಾತು ಕೊಡಿ. ಆದರೆ ನಿಯಮ ಇದ್ದ ಮಾತ್ರಕ್ಕೆ ಪಾಲಿಸುತ್ತಾರೆಯೇ? ನಮ್ಮ ಹೆಲ್ಮೆಟ್ ಕಥೆಯೇ.

ಇನ್ನು ಅಳತೆಯ ಕಥೆಗೆ ಬರೋಣ. ಅದು ಡಯಲಪ್ ಕಾಲ. 56 ಕೆಬಿಪಿಎಸ್ ಮೋಡೆಮ್ಮಿನಲ್ಲಿ 100 ಕೆಬಿಯ ಒಂದು ಫೋಟೋ ಇಳಿಯಲು, ಎಲ್ಲ ನೆಟ್ಟಗಿದ್ದರೂ, 14 ಸೆಕೆಂಡ್ ಬೇಕು. ಪುಟದಲ್ಲಿ ಹತ್ತು ಫೋಟೋ ಇದ್ದರೆ ಕಾಫಿ ಕುಡಿದು ಬರಬಹುದು. ಕೆಲವರು ಟ್ಯಾಗಿನಲ್ಲಿ ಅಗಲ 150 ಅಂತ ಬರೆದು ಚಿಕ್ಕದಾಗಿ ತೋರಿಸುತ್ತಿದ್ದರು. ಅದು ಕಣ್ಕಟ್ಟು ಅಷ್ಟೇ, ಇಳಿಯುವುದು ಪೂರ್ತಿ 100 ಕೆಬಿಯೇ. ನಿಜವಾಗಿಯೂ ಚಿಕ್ಕದು ಮಾಡಲು ಥಾಮಸ್ ಬೌಟೆಲ್ ಬರೆದ ಜಿಡಿ ಎಂಬ ಲೈಬ್ರರಿ ಇತ್ತು. ಪಿಎಚ್‌ಪಿ ಜತೆ ಅದು ಸೇರಿದ ಮೇಲೆ, ನಾಲ್ಕು ಸಾಲು ಬರೆಯಬಲ್ಲ ಯಾರು ಬೇಕಾದರೂ ಫೋಟೋ ಕುಗ್ಗಿಸುವಂತಾಯಿತು. (ಯುನಿಸಿಸ್ ಕಂಪನಿಯ ಪೇಟೆಂಟ್ ಕಾಟದಿಂದ 1999ರಲ್ಲಿ ಜಿಡಿಯಿಂದ ಜಿಫ್ ಚಿತ್ರಗಳನ್ನೇ ತೆಗೆದುಹಾಕಬೇಕಾಯಿತು, ಪೇಟೆಂಟ್ ಮುಗಿದ ಮೇಲೆ 2004ರಲ್ಲಿ ವಾಪಸ್ ಬಂತು. ಅದೇ ಒಂದು ಬೇರೆ ಕಥೆ.)

ಇಂಜಿನಿಯರಿಂಗ್ ಓದುವಾಗ ನಮಗೆ ಇಮೇಜ್ ಪ್ರಾಸೆಸಿಂಗ್ ಪಾಠವಿತ್ತು. ಚಿತ್ರ ಕುಗ್ಗಿಸುವ ಗಣಿತವನ್ನೆಲ್ಲ ಬೋರ್ಡಿನ ತುಂಬಾ ಬರೆಸಿದರು. ಕುಗ್ಗಿಸಿದ ಮೇಲೆ ಅದಕ್ಕೆ ಏನು ಹೆಸರಿಡಬೇಕು ಅಂತ ಮಾತ್ರ ಪಠ್ಯದಲ್ಲಿರಲಿಲ್ಲ :-)

ಎಡವಟ್ಟಾಗಿದ್ದು ಅಲ್ಲೇ. 'ಹಂಪಿ-ಕಲ್ಲಿನ-ರಥ ಡಾಟ್ ಜೆಪಿಜಿ' ಅಂತ ಚೆಂದದ ಹೆಸರಿದ್ದ ಫೋಟೋ ಈಗ 'ಥಂಬ್ ಡಾಟ್ ಪಿಎಚ್‌ಪಿ, ಪ್ರಶ್ನಾರ್ಥಕ ಚಿಹ್ನೆ, ಐಡಿ ಸಮ 37, ಅಗಲ ಸಮ 150' ಆಯಿತು. ಜೈಲಿನಲ್ಲಿ ಕೈದಿಗೆ ನಂಬರ್ ಕೊಟ್ಟ ಹಾಗೆ.

ಗೂಗಲ್ ಇಮೇಜ್ ಸರ್ಚ್ ಶುರುವಾದದ್ದು 2001ರ ಜುಲೈನಲ್ಲಿ. ಹಿಂದಿನ ವರ್ಷ ಗ್ರ್ಯಾಮಿ ಸಮಾರಂಭಕ್ಕೆ ಜೆನಿಫರ್ ಲೋಪೆಜ್ ಉಟ್ಟು ಬಂದ ಹಸಿರು ಉಡುಪನ್ನು ನೋಡಲು ಜನ ಮುಗಿಬಿದ್ದು ಹುಡುಕಿದ್ದೂ ಇದಕ್ಕೊಂದು ಕಾರಣ ಅಂತ ಗೂಗಲ್‌ನ ಎರಿಕ್ ಸ್ಮಿತ್ ಆಮೇಲೆ ಬರೆದಿದ್ದರು. ಆಗಿನ ಯಂತ್ರಕ್ಕೆ ಚಿತ್ರ ನೋಡಿ ಅರ್ಥ ಮಾಡಿಕೊಳ್ಳಲು ಬರುತ್ತಿರಲಿಲ್ಲ. ಫೈಲಿನ ಹೆಸರು, ಆಲ್ಟ್ ಮಾತು, ಚಿತ್ರದ ಸುತ್ತಮುತ್ತಲಿನ ಬರಹ, ಇವೇ ಅದರ ಕಣ್ಣು. ಐಡಿ 37 ನೋಡಿ ಅದಕ್ಕೆ ಹಂಪಿ ಹೇಗೆ ಹೊಳೆಯಬೇಕು?

ಇನ್ನೂ ಮೂರು ತೊಂದರೆಗಳಿದ್ದವು. ಒಂದು, ಅಗಲ 150, 151, 152 ಅಂತ ಕೇಳುತ್ತಾ ಹೋದರೆ ಒಂದೇ ಚಿತ್ರಕ್ಕೆ ಲೆಕ್ಕವಿಲ್ಲದಷ್ಟು ವಿಳಾಸ. ಯಾವುದು ಅಸಲಿ ಅಂತ ಸರ್ಚ್ ಇಂಜಿನ್ನಿಗೆ ಗೊಂದಲ. ಎರಡು, ಸಾದಾ ಫೈಲಾದರೆ ಅದು ಕೊನೆಗೆ ಬದಲಾದದ್ದು ಯಾವಾಗ ಅಂತ ಸರ್ವರೇ ಹೇಳುತ್ತದೆ. ಪಿಎಚ್‌ಪಿ ಬರೆದವರು ಆ ಮಾತು ಸೇರಿಸದಿದ್ದರೆ ಬಂದ ಪ್ರತಿಯೊಬ್ಬರಿಗೂ ಮತ್ತೆ ಕುಗ್ಗಿಸು, ಮತ್ತೆ ಕಳಿಸು. ಆಗ ಎಲ್ಲೆಡೆ ಇದ್ದ ಸ್ಕ್ವಿಡ್ ಪ್ರಾಕ್ಸಿಯಂತೂ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಫೈಲನ್ನು ಇಟ್ಟುಕೊಳ್ಳಲೇಬಾರದು ಎಂಬ ಸೆಟ್ಟಿಂಗಿನೊಂದಿಗೇ ಬರುತ್ತಿತ್ತು. ಮೂರು, ಸೈಟಿನ ವಿನ್ಯಾಸ ಬದಲಾಗಿ 150ರ ಜಾಗದಲ್ಲಿ 180 ಬಂದರೆ ಎಲ್ಲ ಚಿತ್ರಗಳ ವಿಳಾಸವೂ ರಾತ್ರೋರಾತ್ರಿ ಬದಲು. ಒಳ್ಳೆಯ ವಿಳಾಸ ಬದಲಾಗಬಾರದು ಅಂತ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಕೇಳಿದವರು ಕಡಿಮೆ.

ಪರಿಹಾರದ ಸಾಮಾನು ಮಾತ್ರ ಮೊದಲೇ ಸಿದ್ಧವಾಗಿತ್ತು. 1996ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಅಪಾಚೆ ಸರ್ವರಿಗಾಗಿ ಮಾಡ್-ರೀರೈಟ್ ಬರೆದಿದ್ದರು. ಹೊರಗೆ ಕಾಣುವ ವಿಳಾಸ ಒಂದು, ಒಳಗೆ ಓಡುವ ಪ್ರೋಗ್ರಾಮ್ ಇನ್ನೊಂದು. ಹೊರಗೆ '150' ಎಂಬ ಫೋಲ್ಡರು, ಅದರೊಳಗೆ ಚಿತ್ರದ ಹೆಸರು. ಒಳಗೆ ಅದೇ ಹಳೆಯ ಥಂಬ್ ಡಾಟ್ ಪಿಎಚ್‌ಪಿ. ಚೆನ್ನಾಗಿ ಮಾಡಿದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊದಲ ಸಲ ಕೇಳಿದಾಗ ಕುಗ್ಗಿಸಿ ಅದೇ ಹೆಸರಿನಲ್ಲಿ ಡಿಸ್ಕಿನಲ್ಲಿಟ್ಟುಬಿಡು, ಎರಡನೇ ಸಲದಿಂದ ಪಿಎಚ್‌ಪಿಯ ಹಂಗೇ ಬೇಡ.

ವಿಕಿಪೀಡಿಯಾದ ಪುಟ್ಟ ಚಿತ್ರಗಳ ವಿಳಾಸ ಒಮ್ಮೆ ಗಮನಿಸಿ ನೋಡಿ. 'ಥಂಬ್' ಎಂಬ ಫೋಲ್ಡರಿನೊಳಗೆ ಚಿತ್ರದ ಮೂಲ ಹೆಸರು ಪೂರ್ತಿಯಾಗಿರುತ್ತದೆ, ಅಳತೆ ಅದರ ಹಿಂದೆ ಬರುವ ಉಪಾಧಿ ಮಾತ್ರ. ನಮ್ಮ ಬ್ಲಾಗ್‌ಸ್ಪಾಟಿನಲ್ಲೂ ಹಾಗೇ. ಹಳೆಯ ಪೋಸ್ಟುಗಳ ಚಿತ್ರದ ವಿಳಾಸದಲ್ಲಿ 'ಎಸ್320' ಅಥವಾ 'ಎಸ್1600' ಅಂತ ಇರುತ್ತಲ್ಲ, ಅದೇ ಅಳತೆ. ಕೊನೆಯಲ್ಲಿ ನೀವಿಟ್ಟ ಫೈಲಿನ ಹೆಸರು. ಊರು ಬದಲಾದರೂ ಹೆಸರು ಅದೇ.

2008ರಲ್ಲಿ ಗೂಗಲ್ ಒಂದು ತಿರುವು ಕೊಟ್ಟಿತು. ಪ್ರಶ್ನಾರ್ಥಕ ಚಿಹ್ನೆಯ ವಿಳಾಸಗಳನ್ನು ನಾವು ಓದಿಕೊಳ್ಳುತ್ತೇವೆ, ತಪ್ಪುತಪ್ಪಾಗಿ ತಿದ್ದುವುದಕ್ಕಿಂತ ಇದ್ದ ಹಾಗೇ ಬಿಡುವುದು ಮೇಲು ಎಂಬರ್ಥದ ಸಲಹೆ ಅದು. ತುಂಬಾ ಜನ ನಿಟ್ಟುಸಿರು ಬಿಟ್ಟರು. ಆದರೆ ಪುಟವಾದರೆ ಒಳಗೆ ಓದಲು ಅಕ್ಷರಗಳಿರುತ್ತವೆ. ಚಿತ್ರದೊಳಗೆ ಏನಿದೆ? ಹಾಗಾಗಿ ಚಿತ್ರಕ್ಕೆ ಹೆಸರಿನ ಬೆಲೆ ಇಳಿಯಲಿಲ್ಲ.

ಅಷ್ಟರಲ್ಲಿ ವರ್ಡ್‌ಪ್ರೆಸ್ ಥೀಮುಗಳಲ್ಲಿ 'ಟಿಮ್‌ಥಂಬ್' ಎಂಬ ಒಂದೇ ಫೈಲಿನ ಕುಗ್ಗಿಸುವ ಪ್ರೋಗ್ರಾಮ್ ಮನೆಮಾತಾಗಿತ್ತು. ಫ್ಲಿಕರ್, ಬ್ಲಾಗರ್ ಮುಂತಾದ ನಂಬಿಕಸ್ಥ ಸೈಟುಗಳಿಂದಲೂ ಚಿತ್ರ ತರಿಸಿ ಅದು ಕುಗ್ಗಿಸುತ್ತಿತ್ತು. 2011ರ ಆಗಸ್ಟಿನಲ್ಲಿ ಮಾರ್ಕ್ ಮೌಂಡರ್ ತಮ್ಮ ಸೈಟಿಗೇ ಕನ್ನ ಬಿದ್ದಾಗ ಕಾರಣ ಹುಡುಕಿದರು. ವಿಳಾಸದಲ್ಲಿ 'ಬ್ಲಾಗರ್ ಡಾಟ್ ಕಾಮ್' ಎಂಬ ಅಕ್ಷರಗಳು ಎಲ್ಲಾದರೂ ಇದ್ದರೆ ಸಾಕು, ಅದು ನಂಬಿಬಿಡುತ್ತಿತ್ತು! ಕಳ್ಳರು 'ಬ್ಲಾಗರ್ ಡಾಟ್ ಕಾಮ್ ಡಾಟ್ ಕಳ್ಳಸೈಟು' ಮಾಡಿಕೊಂಡು ಚಿತ್ರದ ಬದಲು ಪ್ರೋಗ್ರಾಮನ್ನೇ ಒಳಗೆ ಇಳಿಸಿದರು. ಮೌಂಡರ್ ಅದನ್ನು ಹೊಸದಾಗಿ ಬರೆದರು, ಅದೇ ಎರಡನೇ ಆವೃತ್ತಿಯಾಯಿತು. ಅಳತೆಗಳನ್ನೂ ಮೂಲಗಳನ್ನೂ ಮೊದಲೇ ಗೊತ್ತುಮಾಡಿ ಇಡಬೇಕು, ಹೊರಗಿನವರು ಕೇಳಿದ್ದನ್ನೆಲ್ಲ ಕೊಡಬಾರದು ಎಂಬ ಪಾಠ ಎಲ್ಲರೂ ಕಲಿತರು.

ಆಮೇಲೆ ಮೊಬೈಲ್ ಬಂತು. 2010ರಲ್ಲಿ ಈಥನ್ ಮಾರ್ಕಾಟ್ ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಬಗ್ಗೆ ಬರೆದರು. ಕುಗ್ಗಿಸುವ ತೀರ್ಮಾನ ಸರ್ವರ್ ಕೈಯಿಂದ ಬ್ರೌಸರ್ ಕೈಗೆ ಜಾರತೊಡಗಿತು. 'ಎಸ್‌ಆರ್‌ಸಿ-ಸೆಟ್' ಮತ್ತು 'ಪಿಕ್ಚರ್' ಬಂದವು. ಪಿಕ್ಚರ್ ಅನ್ನು ಕ್ರೋಮಿಗೆ ಸೇರಿಸಲು ಯೋಆವ್ ವೈಸ್ ಜನರಿಂದ ಚಂದಾ ಎತ್ತಿ ಕೆಲಸ ಮಾಡಿದರು. 2014ರ ಅಕ್ಟೋಬರಿನಲ್ಲಿ ಅದು ಹೊರಬಂತು. 2015ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ 4.4 ಎಸ್‌ಆರ್‌ಸಿ-ಸೆಟ್ ಅನ್ನು ತಾನಾಗಿಯೇ ಹಾಕತೊಡಗಿತು. ಇಷ್ಟೆಲ್ಲ ಆದ ಮೇಲೂ ಗೂಗಲ್ ಹೇಳುವುದೇನು ಗೊತ್ತೇ? ಹತ್ತು ಅಳತೆ ಕೊಡಿ ಪರವಾಗಿಲ್ಲ, ಆದರೆ ಹಳೆಯ ಐಎಂಜಿ, ಅದರ ವಿಳಾಸ, ಅದರ ಆಲ್ಟ್ ಇರಲೇಬೇಕು. ತಿರುಗಿ ತಿರುಗಿ 1993ಕ್ಕೇ ಬಂದೆವು!

ಈಗ ನಮ್ಮ ವಿಷಯ. ಕನ್ನಡಿಗರು ಈ ಆಟದಲ್ಲಿ ಎರಡು ಪಟ್ಟು ಸೋತಿದ್ದೇವೆ. ಯೂನಿಕೋಡ್ ಎಲ್ಲರ ಕಂಪ್ಯೂಟರಿಗೆ ತಲುಪುವ ಮುಂಚೆ ಎಷ್ಟೋ ಕನ್ನಡ ತಾಣಗಳು ತಲೆಬರಹಗಳನ್ನೇ ಚಿತ್ರ ಮಾಡಿ ಹಾಕುತ್ತಿದ್ದವು. ಆಲ್ಟ್ ಇಲ್ಲದ ಆ ಮಾತುಗಳು ಯಾವ ಸರ್ಚಿಗೂ ಸಿಗಲಿಲ್ಲ. ಇನ್ನು ಫೈಲಿಗೆ ಕನ್ನಡದಲ್ಲೇ ಹೆಸರಿಟ್ಟರೆ? 'ಹಂಪಿ' ನೋಡಲು ಎರಡೇ ಅಕ್ಷರ. ಯೂನಿಕೋಡಿಗೆ ಅದು ನಾಲ್ಕು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೆ ಮೂರು ಚಿಹ್ನೆ. ಒಟ್ಟು 36! ಯಂತ್ರ ಓದಿಕೊಳ್ಳುತ್ತದೆ ನಿಜ, ಆದರೆ ಅದನ್ನು ನಕಲು ಮಾಡಿ ಗೆಳೆಯರಿಗೆ ಕಳಿಸುವಾಗ ನೋಡಬೇಕು. ಹಾಗಾಗಿ ಹೆಚ್ಚಿನವರು 'ಡಿಎಸ್‌ಸಿ00412' ಎಂದು ಕ್ಯಾಮೆರಾ ಇಟ್ಟ ಹೆಸರಿಗೇ ಬಿಟ್ಟುಬಿಡುತ್ತಾರೆ. ಆಲ್ಟ್ ಜಾಗದಲ್ಲಿ ಅಂಥ ತೊಡಕಿಲ್ಲ. ಅಲ್ಲಿ ಕನ್ನಡ ಕನ್ನಡವಾಗಿಯೇ ಇರುತ್ತದೆ.

ಈಗಿನ ಯಂತ್ರಗಳು ಚಿತ್ರ ನೋಡಿ ಏನಿದೆ ಅಂತ ಹೇಳುತ್ತವಲ್ಲ, ಇದೆಲ್ಲ ಯಾಕೆ ಅನ್ನಬಹುದು ನೀವು. ತೇರು ನೋಡಿ ತೇರು ಅಂದೀತು. ಆದರೆ ಅದು ಯಾವ ಊರಿನ ತೇರು, ಹಗ್ಗ ಹಿಡಿದ ಆ ಮುದುಕರು ಯಾರು, ಹಿಂದೆ ಕಾಣುವ ಕೆರೆ ಈಗ ಇದೆಯೋ ಲೇಔಟ್ ಆಗಿದೆಯೋ? ಅದು ಫೋಟೋ ತೆಗೆದವರಿಗೆ ಮಾತ್ರ ಗೊತ್ತು. ಅವರು ಬರೆಯದಿದ್ದರೆ ಹುಡುಕುವವರಿಗೆ ಆ ಚಿತ್ರ ಇಲ್ಲ. ಸ್ಕ್ರೀನ್ ರೀಡರ್ ಹಚ್ಚಿಕೊಂಡು ನಮ್ಮ ಬ್ಲಾಗ್ ಕೇಳುವ ಗೆಳೆಯರಿಗಂತೂ ಅಲ್ಲಿ ಬರೀ ಮೌನ, ಇಲ್ಲವೇ ಡಿಎಸ್‌ಸಿ ಸೊನ್ನೆ ಸೊನ್ನೆ ನಾಲ್ಕು ಒಂದು ಎರಡು.

ಅಳತೆಯ ಕೆಲಸ ಸರ್ವರಿನದು, ಮಾಡಿಕೊಳ್ಳಲಿ. ಹೆಸರಿಡುವ ಕೆಲಸ ನಮ್ಮದು. ಮುಂದಿನ ಪೋಸ್ಟಿನ ಫೋಟೋಗೆ ಒಂದು ಸಾಲು ಕನ್ನಡ ಬರೆದು ನೋಡಿ. ಸಿಕ್ಕಿತೋ ಇಲ್ಲವೋ ನಾನೂ ಹುಡುಕಿ ಹೇಳುತ್ತೇನೆ.