ಬೆಳಗೊಳದ ಅಮೋನಿಯಾದಿಂದ ನ್ಯಾನೊ ಯೂರಿಯಾದವರೆಗೆ

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳ ಭಾರತದ ರಾಸಾಯನಿಕ ಗೊಬ್ಬರದ ಇತಿಹಾಸದಲ್ಲಿ ಮೊದಲ ಸಾಲಿಗೆ ಸೇರುವ ಊರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1937ರಲ್ಲಿ, ಇಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಂಪನಿ ಸ್ಥಾಪನೆಯಾಯಿತು. ಕೃತಕ ಅಮೋನಿಯಾದಿಂದ ಗೊಬ್ಬರ ತಯಾರಿಸಿದ ದೇಶದ ಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಕೇರಳದ ಆಲುವಾದ ಕಾರ್ಖಾನೆ 1947ರಲ್ಲಿ, ಸಿಂದ್ರಿಯದು 1951ರಲ್ಲಿ ಉತ್ಪಾದನೆ ಆರಂಭಿಸಿದವು.

ಕಾರ್ಖಾನೆಗೆ ಬೆಳಗೊಳವೇ ಸೂಕ್ತ ಜಾಗವಾದದ್ದಕ್ಕೆ ಕಾರಣ ಪಕ್ಕದಲ್ಲೇ ಇದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆಯಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಪಾಂಡವಪುರ ಮತ್ತು ಮಂಡ್ಯದ ಕಡೆಗೆ ನೀರು ಹರಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಹೊಲಗಳು ಕಬ್ಬಿನ ಗದ್ದೆಗಳಾದವು. ಅದುವರೆಗೆ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಹಿಂಡಿ ಮತ್ತು ಕೆರೆಗೋಡಿನಿಂದ ಮಣ್ಣಿನ ಸಾರ ಉಳಿದಿತ್ತು. ಕಬ್ಬು ಕೇಳುವಷ್ಟು ಸಾರಜನಕ ಇವುಗಳಿಂದ ದಕ್ಕಲಿಲ್ಲ. ಸೀಮೆಗೊಬ್ಬರ ಆ ಕೊರತೆ ತುಂಬಲು ಬಂತು.

ಗಾಳಿಯ ಸಾರಜನಕವನ್ನು ಜಲಜನಕದೊಡನೆ ಹೆಚ್ಚಿನ ಒತ್ತಡದಲ್ಲಿ ಬೆಸೆದು ಅಮೋನಿಯಾ ಮಾಡುವ ವಿಧಾನವನ್ನು ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದ್ದರು. ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ಈ ಅಮೋನಿಯಾ ಗಂಧಕಾಮ್ಲದೊಡನೆ ಸೇರಿದರೆ ಅಮೋನಿಯಂ ಸಲ್ಫೇಟ್ ಹರಳುಗಟ್ಟುತ್ತದೆ. ಅದರಲ್ಲಿ ಸಾರಜನಕ ಸುಮಾರು ಶೇ 21.

ಈ ಗೊಬ್ಬರದ ಒಂದು ದೋಷ ಆಗಲೇ ಗೊತ್ತಿತ್ತು. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1876ರಲ್ಲಿ ಆರಂಭವಾದ ಪ್ರಯೋಗದಲ್ಲಿ, ವರ್ಷವರ್ಷವೂ ಅಮೋನಿಯಂ ಉಪ್ಪು ಹಾಕಿದ ತಾಕುಗಳ ಮಣ್ಣು ಹುಳಿಯಾಗಿ ಬಾರ್ಲಿ ಬೆಳೆ ಸೋತಿತು; ಸುಣ್ಣ ಹಾಕಿದ ಮೇಲೆ ಚೇತರಿಸಿತು. ಆದರೆ ಗೊಬ್ಬರದ ಗುಣವನ್ನು ಬಹುಕಾಲ ಅಳೆದದ್ದು ಇಳುವರಿಯಿಂದ, ಹೆಚ್ಚೆಂದರೆ ಮಣ್ಣಿನ ಹುಳಿಯಿಂದ. ನೀರು, ಗಾಳಿ, ಮನುಷ್ಯನ ದೇಹ ಲೆಕ್ಕಕ್ಕೆ ಬಂದದ್ದು ತೀರ ತಡವಾಗಿ. 1957ರ ರಸಗೊಬ್ಬರ ನಿಯಂತ್ರಣ ಆದೇಶದ ಗಮನವೂ ಬೆಲೆ, ಗುಣಮಟ್ಟ ಮತ್ತು ಮಾರಾಟದ ಮೇಲಿತ್ತು.

ಹಸಿರು ಕ್ರಾಂತಿಯೊಂದಿಗೆ ಯೂರಿಯಾ ಮುಂದೆ ಬಂತು. ಇದರಲ್ಲಿ ಸಾರಜನಕ ಶೇ 46; ಅದೇ ಪೋಷಣೆಗೆ ಅರ್ಧಕ್ಕಿಂತ ಕಡಿಮೆ ತೂಕ ಸಾಗಿಸಿದರೆ ಸಾಕು. ಮಂಗಳೂರಿನ ಪಣಂಬೂರಿನ ಕಾರ್ಖಾನೆ 1976ರಲ್ಲಿ ಯೂರಿಯಾ ಉತ್ಪಾದನೆ ಆರಂಭಿಸಿತು. ನೀರು ನಿಂತ ಭತ್ತದ ಗದ್ದೆಗೆ ಎರಚಿದ ಯೂರಿಯಾದಲ್ಲಿ ಪೈರು ಹೀರಿಕೊಳ್ಳುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದೊಳಗೆ. ಉಳಿದದ್ದರಲ್ಲಿ ಒಂದಿಷ್ಟು ಮಣ್ಣಿನಲ್ಲೇ ನಿಲ್ಲುತ್ತದೆ, ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ, ಒಂದಿಷ್ಟು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಸ್ವಲ್ಪ ಪಾಲು ನೈಟ್ರಸ್ ಆಕ್ಸೈಡ್ ಆಗಿಯೂ ಹೊರಬೀಳುತ್ತದೆ; ಈ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 270 ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮೀರಿದರೆ ಎಳೆಯ ಕೂಸುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗಬಹುದು.

ಕಾನೂನು ನಿಧಾನವಾಗಿ ಹಿಂದೆ ಬಂತು. ಜಲಮಾಲಿನ್ಯ ಕಾಯ್ದೆ 1974ರದು. ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಅದೇ ವರ್ಷ ರೂಪುಗೊಂಡಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆಯ ಲೇಪ ಕಡ್ಡಾಯ. ಬೆಳಗೊಳದಲ್ಲಿ ಕಾರ್ಖಾನೆ ತಲೆಯೆತ್ತಿದ್ದಕ್ಕೂ ನೀರಿನ ಕಾಯ್ದೆ ಬಂದದ್ದಕ್ಕೂ ನಡುವೆ 37 ವರ್ಷ. ಮೈಸೂರು ನಗರಕ್ಕೆ ಕಾವೇರಿ ನೀರೆತ್ತುವ ಸ್ಥಾವರವೂ ಬೆಳಗೊಳದಲ್ಲೇ ಇರುವುದರಿಂದ ಈ ಅಂತರ ಇಲ್ಲಿ ಬರೀ ಕಾಗದದ ಮಾತಲ್ಲ.

ಮುಂದಿನ ರೂಪ ನ್ಯಾನೊ ಯೂರಿಯಾ. ಒಂದರಿಂದ ನೂರು ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಎನ್ನುತ್ತಾರೆ. ಒಂದು ನ್ಯಾನೊಮೀಟರ್ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಕಣ ಕಿರಿದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಹೆಚ್ಚುತ್ತದೆ, ಕ್ರಿಯಾಶೀಲತೆಯೂ ಬದಲಾಗುತ್ತದೆ. ಆದ್ದರಿಂದ ದೊಡ್ಡ ಹರಳಿನ ಪದಾರ್ಥ ನಿರಪಾಯವೆಂದು ತಿಳಿದಿದ್ದರೂ ಅದೇ ಪದಾರ್ಥದ ನ್ಯಾನೊ ರೂಪವನ್ನು ಬೇರೆಯಾಗಿ ಪರೀಕ್ಷಿಸಬೇಕು. ಬ್ರಿಟನ್ನಿನ ರಾಯಲ್ ಸೊಸೈಟಿ 2004ರಲ್ಲಿ ಇದನ್ನು ಒತ್ತಿ ಹೇಳಿತು. ಭಾರತದಲ್ಲಿ ನ್ಯಾನೊ ಮಿಷನ್ 2007ರಲ್ಲಿ ಆರಂಭವಾಯಿತು. ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳ ಮೌಲ್ಯಮಾಪನಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ರಸಗೊಬ್ಬರ ಸಹಕಾರ ಸಂಸ್ಥೆ ಇಫ್ಕೊದ ನ್ಯಾನೊ ಯೂರಿಯಾಕ್ಕೆ ರಸಗೊಬ್ಬರ ನಿಯಂತ್ರಣ ಆದೇಶದಡಿ ಒಪ್ಪಿಗೆ ಸಿಕ್ಕಿದ್ದು 2021ರ ಫೆಬ್ರುವರಿಯಲ್ಲಿ. ಪರೀಕ್ಷೆಯ ನಿಯಮ ಮೊದಲು, ಮಾರಾಟ ಆಮೇಲೆ: ಸಾರಜನಕದ ಗೊಬ್ಬರದ ಚರಿತ್ರೆಯಲ್ಲಿ ಈ ಕ್ರಮ ಹೊಸದು, ಅಗತ್ಯವಾದದ್ದು.

ಆದರೂ ಪ್ರಶ್ನೆಗಳು ಉಳಿದಿವೆ. ಆರಂಭದಲ್ಲಿ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಶೇ 4ರಂತೆ 20 ಗ್ರಾಂ ಸಾರಜನಕವಿತ್ತು. 45 ಕಿಲೋ ಚೀಲದಲ್ಲಿ ಇರುವುದು 20 ಕಿಲೋಗೂ ಹೆಚ್ಚು. ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂಬ ಮಾತನ್ನು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಫ್ರಾಂಕ್ ಮತ್ತು ಸೋರೆನ್ ಹುಸ್ಟೆಡ್ 2023ರಲ್ಲಿ ಪ್ರಶ್ನಿಸಿದರು. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ, ನ್ಯಾನೊ ಯೂರಿಯಾ ಬಳಸಿದಾಗ ವಾಡಿಕೆಯ ಗೊಬ್ಬರಕ್ಕೆ ಹೋಲಿಸಿದರೆ ಭತ್ತದ ಇಳುವರಿ ಶೇ 13ರಷ್ಟು, ಗೋಧಿಯದು ಶೇ 21.6ರಷ್ಟು ಇಳಿಯಿತು. ಸುಮಾರು 11,000 ರೈತರ ಹೊಲಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಸರಾಸರಿ ಶೇ 8ರಷ್ಟು ಹೆಚ್ಚು ಇಳುವರಿ ಬಂದಿದೆಯೆಂಬುದು ಇಫ್ಕೊದ ನಿಲುವು.

ಅಪಾಯದ ಲೆಕ್ಕಕ್ಕೆ ಎರಡು ಅಂಶ ಬೇಕು: ಪದಾರ್ಥ ಎಷ್ಟು ಹಾನಿಕರ, ಅದು ಯಾರಿಗೆ, ಎಷ್ಟು ತಾಗುತ್ತದೆ. ಎಲೆಯ ಮೇಲೆ ಸಿಂಪಡಿಸುವ ಗೊಬ್ಬರದ ಹನಿಗಳು ಮೊದಲು ಮುಟ್ಟುವುದು ಬೆನ್ನಿಗೆ ಪಂಪು ಹೊತ್ತ ಕೂಲಿಯವರ ಮೂಗು, ಶ್ವಾಸಕೋಶಗಳನ್ನು. ಬಳಿಕ ಜೇನ್ನೊಣ, ಮಣ್ಣಿನ ಸೂಕ್ಷ್ಮಜೀವಿ, ಬಸಿಗಾಲುವೆಯ ಮೀನುಗಳ ಸರದಿ. ನೀರಿನಲ್ಲಿ ಬೇಗ ಕರಗುವ ಯೂರಿಯಾ ಕಣವಾಗಿ ಎಷ್ಟು ಹೊತ್ತು ಉಳಿಯುತ್ತದೆಂಬುದೂ ಅಳೆಯಬೇಕಾದ ಸಂಗತಿ. ಅಷ್ಟು ಬೇಗ ಕರಗದ ಸತುವಿನ ಆಕ್ಸೈಡ್ ಅಥವಾ ಬೆಳ್ಳಿಯ ನ್ಯಾನೊ ಕಣಗಳಿಗೆ ಬೇರೆಯೇ ಪರೀಕ್ಷೆ ಬೇಕು. ಪ್ರಯೋಗಾಲಯದ ಇಲಿಯ ಫಲಿತಾಂಶವೊಂದೇ ಇದಕ್ಕೆಲ್ಲ ಉತ್ತರವಾಗದು. 1930ರ ದಶಕದಿಂದ ಕೃಷಿ ಸಂಶೋಧನೆ ನಡೆಸಿಕೊಂಡು ಬಂದಿರುವ ಮಂಡ್ಯದ ವಿಶ್ವೇಶ್ವರಯ್ಯ ನಾಲಾ (ವಿ.ಸಿ.) ಫಾರಂನಂಥ ಕೇಂದ್ರಗಳಲ್ಲಿ, ನಾಲೆಯ ಬಯಲಿನ ಮಣ್ಣು, ಬಾವಿ ನೀರು ಮತ್ತು ಸಿಂಪಡಿಸುವವರ ಆರೋಗ್ಯ ಮೂರನ್ನೂ ಒಟ್ಟಿಗೆ ಹಲವು ವರ್ಷ ಅಳೆದು, ತಯಾರಕರಿಂದ ಸ್ವತಂತ್ರವಾದ ಫಲಿತಾಂಶವನ್ನು ರೈತರ ಮುಂದಿಡುವುದು ಈ ಮೌಲ್ಯಮಾಪನದ ಉಳಿದ ಕೆಲಸ.